ಕೆಟ್ಟರೆ ಯಾರು ಬರ್ತಾರೆ?

ನಮ್ಮ ತೋಟದ ಮನೆಯ ಸೋಲಾರ್ ದೀಪ ಎರಡೇ ವರ್ಷಕ್ಕೆ ಕೈಕೊಟ್ಟಿತು. ಪ್ಯಾನೆಲ್ ಸರಿಯೇ ಇತ್ತು. ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು ಅಂತ ಮಾರಿದವರು ಹೇಳಿರಲೇ ಇಲ್ಲ. ಮತ್ತೆ ಈ ಕಡೆ ತಲೆ ಹಾಕಲೂ ಇಲ್ಲ.

ಖರಗಪುರ ಐಐಟಿಯಲ್ಲಿ ಓದಿದ ಇಂಜಿನಿಯರ್ ಹರೀಶ್ ಹಂದೆ, ನೆವಿಲ್ ವಿಲಿಯಮ್ಸ್ ಜೊತೆ 1995ರಲ್ಲಿ ಸೆಲ್ಕೋ ಕಟ್ಟಿದಾಗ ಹಿಡಿದದ್ದು ಈ ಎಳೆಯನ್ನೇ. ದೀಪದ ಜೊತೆ ಬ್ಯಾಂಕ್ ಸಾಲ, ಮನೆ ಬಾಗಿಲಿಗೆ ರಿಪೇರಿ. ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ಹಗುರ ಎಂಬ ಲೆಕ್ಕ ಅವರದು. ಅಡಿಕೆಯವರಾದ ನಮಗೆ ಕೊಯ್ಲಿನ ನಂತರದ ಕಂತೇ ಅನುಕೂಲ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಈಗ ಸೋಲಾರ್ ಪಂಪಿಗೆ ಅರ್ಜಿ ಹಾಕುವವರು ಸಬ್ಸಿಡಿ ಎಷ್ಟು ಅಂತ ಮಾತ್ರ ಕೇಳ್ತಾರೆ. ಕೆಟ್ಟರೆ ಯಾರು, ಎಷ್ಟು ದಿನದಲ್ಲಿ ಬರ್ತಾರೆ ಅಂತ ಮೊದಲು ಕೇಳಿ, ಬರೆಸಿಕೊಳ್ಳಿ.