ಮುಪ್ಪಿನ ಕಾಲು

ಎಡವಿದವರೆಲ್ಲರೂ ಬೀಳುವುದಿಲ್ಲ. ಇಪ್ಪತ್ತರ ತರುಣನ ಕಾಲು ಹೊಸ್ತಿಲಿಗೆ ತಗುಲಿದರೆ, ಮನಸ್ಸು ಅದನ್ನರಿಯುವ ಮೊದಲೇ ಇನ್ನೊಂದು ಕಾಲು ಚಂಗನೆ ಮುಂದೆ ಬಂದು ಮೈಯನ್ನು ತಡೆದು ನಿಲ್ಲಿಸುತ್ತದೆ. ಎಪ್ಪತ್ತೈದರ ಅಜ್ಜನ ಕಾಲೂ ಮುಂದೆ ಬರುತ್ತದೆ. ಆದರೆ ಅರೆಕ್ಷಣ ತಡವಾಗಿ. ಸೊಂಟದ ಮೂಳೆ ಮುರಿಯುವುದಕ್ಕೆ ಆ ಅರೆಕ್ಷಣವೇ ಸಾಕು.

ತೊಡೆಯ ಸ್ನಾಯುವಿನಲ್ಲಿ ಎರಡು ಬಗೆಯ ಎಳೆಗಳು ಬೆರೆತುಕೊಂಡಿವೆ. ಮಂದಗತಿಯವು ದಣಿವರಿಯದ ಆಳುಗಳು; ನಿಲ್ಲುವುದಕ್ಕೂ ನಡೆಯುವುದಕ್ಕೂ ಅವೇ ಆಧಾರ. ಶೀಘ್ರಗತಿಯವು ಬೇಗ ದಣಿಯುತ್ತವೆ, ನಿಜ. ಆದರೆ ಜಿಗಿಯಲು, ಬೀಳುವ ಮೈಯನ್ನು ಹಿಡಿಯಲು ಅವುಗಳೇ ಬೇಕು. ಮುಪ್ಪು ಮೊದಲು ಕೈಯಿಕ್ಕುವುದು ಇವುಗಳ ಮೇಲೆ. ಸ್ವೀಡನ್ನಿನ ಲೆಕ್ಸೆಲ್ ಮತ್ತು ಅವರ ಸಂಗಡಿಗರು 15ರಿಂದ 83 ವರ್ಷದವರೆಗಿನ 43 ಗಂಡಸರ ತೊಡೆಯ ಸ್ನಾಯುವನ್ನು ಮರಣಾನಂತರ ಇಡಿಯಾಗಿ ಪರೀಕ್ಷಿಸಿ, 1988ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇಪ್ಪತ್ತರಿಂದ ಎಂಬತ್ತರೊಳಗೆ ಸ್ನಾಯುವಿನ ಗಾತ್ರ ಸುಮಾರು ಶೇಕಡಾ 40ರಷ್ಟು ಕರಗುತ್ತಿತ್ತು. ಎಳೆಗಳ ಸಂಖ್ಯೆಯೇ ಕುಗ್ಗಿತ್ತು. ಉಳಿದವುಗಳಲ್ಲಿ ಸೊರಗಿದ್ದವು ಮುಖ್ಯವಾಗಿ ಶೀಘ್ರಗತಿಯವು.

ಬೆನ್ನುಹುರಿಯ ಒಂದು ನರಕೋಶ ಸತ್ತರೆ ಅದರ ಆಜ್ಞೆಯಲ್ಲಿದ್ದ ಎಳೆಗಳೆಲ್ಲ ಅನಾಥವಾಗುತ್ತವೆ. ಕೆಲವನ್ನು ನೆರೆಯ ಮಂದಗತಿಯ ನರ ದತ್ತು ತೆಗೆದುಕೊಳ್ಳುವುದುಂಟು. ದತ್ತುಮಗ ಹೊಸ ಮನೆಯ ರೂಢಿಯನ್ನು ಕಲಿಯುವಂತೆ ಆ ಎಳೆಯೂ ಕ್ರಮೇಣ ಮಂದಗತಿಯದೇ ಆಗುತ್ತದೆ. ದತ್ತು ದೊರೆಯದವು ನಶಿಸುತ್ತವೆ. ಆದಕಾರಣ ವೃದ್ಧಾಪ್ಯದಲ್ಲಿ ಬಲಕ್ಕಿಂತ ಬೇಗನೆ ಇಳಿಯುವುದು, ಆ ಬಲವನ್ನು ಥಟ್ಟನೆ ಪ್ರಯೋಗಿಸುವ ಚುರುಕು. ತಗ್ಗಾದ ಕುರ್ಚಿಯಿಂದ ಕೈಯೂರದೆ ಏಳುವುದು ಕಷ್ಟವಾದಾಗ ಮನೆಯವರಿಗೆ ಇದರ ಸುಳಿವು ಸಿಗಬೇಕು.

“ವಯಸ್ಸಾಯಿತು, ಸುಮ್ಮನೆ ಕುಳಿತಿರಿ” ಎನ್ನುವುದು ಪ್ರೀತಿಯ ಮಾತೇ. ಆದರೆ ಅದು ಕಾಲಿಗೆ ಹಿತವಲ್ಲ. ಸಂಜೆಯ ವಾಯುವಿಹಾರ ಹೃದಯಕ್ಕೆ ಒಳ್ಳೆಯದಾದರೂ ಶೀಘ್ರಗತಿಯ ಎಳೆಗಳಿಗೆ ಅದರಲ್ಲಿ ಹೆಚ್ಚು ಕೆಲಸವಿಲ್ಲ. ಅವುಗಳನ್ನು ಎಚ್ಚರಿಸಲು ಮೆಟ್ಟಿಲನ್ನೋ ಭಾರವನ್ನೋ ಎದುರಿಸಬೇಕು. ವೈದ್ಯರನ್ನು ಕೇಳಿ, ನಿಧಾನವಾಗಿ.

ಅಮೆರಿಕದ ಬಾಸ್ಟನ್ ನಗರದಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಸಹೋದ್ಯೋಗಿಗಳು, ಆಶ್ರಯಧಾಮವೊಂದರಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಮಂದಿ ವೃದ್ಧರಿಂದ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಒಬ್ಬರು ನಡುವೆಯೇ ಬಿಟ್ಟರು. 1990ರಲ್ಲಿ ಪ್ರಕಟವಾದ ವರದಿಯಂತೆ, ಉಳಿದ ಒಂಬತ್ತು ಮಂದಿಯ ತೊಡೆಯ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ಸತ್ತ ಎಳೆಗಳು ಮರಳಿ ಹುಟ್ಟಿದ್ದರಿಂದಲ್ಲ. ಬದುಕಿದ್ದವು ಪುಷ್ಟವಾದವು, ನರಗಳು ಅವನ್ನು ಇನ್ನೂ ಚೆನ್ನಾಗಿ ದುಡಿಸಿಕೊಂಡವು. ಇಬ್ಬರು ಊರುಗೋಲನ್ನೇ ಬದಿಗಿಟ್ಟು ನಡೆದರು. ಅನಂತರ ನಾಲ್ಕು ವಾರ ವ್ಯಾಯಾಮವನ್ನು ನಿಲ್ಲಿಸಿದಾಗ, ಬಲದ ಮೂರರಲ್ಲೊಂದು ಪಾಲು ಇಳಿದುಹೋಯಿತು.