ತಾಮ್ರದ ತಂತಿ ಮತ್ತು ಶ್ರವಣಸಂಸ್ಕಾರ

ಹೊಸದಾಗಿ ಕೊಂಡ ಸ್ಪೀಕರ್ ಕೇಬಲಿನಲ್ಲಿ ನೂರಾರು ತಾಸು ಎಡೆಬಿಡದೆ ಸಂಗೀತವನ್ನು ಹರಿಸಿ ಅದನ್ನು ಪಳಗಿಸಿದ ಹೊರತು ನಾದವು ತಿಳಿಯಾಗದೆಂಬ ನಂಬಿಕೆಯು ಸ್ಟೀರಿಯೋಪ್ರಿಯರಲ್ಲಿ ಬೇರೂರಿದೆ. ರೋಣ, ನರಗುಂದ, ಗಜೇಂದ್ರಗಡಗಳ ಸಂಗೀತರಸಿಕರು ತಮ್ಮ ಕಷ್ಟಾರ್ಜಿತ ದ್ರವ್ಯವನ್ನು ದುಬಾರಿ ಕೇಬಲುಗಳಿಗೆ ತೆರುವ ಮುನ್ನ ಈ ವಿಷಯವನ್ನು ಕೊಂಚ ವಿವೇಚಿಸಬೇಕೆಂಬುದು ನನ್ನ ವಿಜ್ಞಾಪನೆ.

2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಆಂಪ್ಲಿಫೈಯರಿನಿಂದ 5 ಮೀಟರು ದೂರದ ಸ್ಪೀಕರಿಗೆ ಎಳೆದರೆ, ಹೋಗಿಬರುವ ಎರಡೆಳೆಗಳ ರೋಧವು ಸುಮಾರು 0.07 ಓಮ್, 8 ಓಮಿನ ಸ್ಪೀಕರಿನ ಮುಂದೆ ಅದು ಶೇಕಡಾ ಒಂದನ್ನೂ ಮುಟ್ಟದು. ತಾಪವು 20ರಿಂದ 40 ಡಿಗ್ರಿಗೇರಿದಾಗ ಆ ಅಲ್ಪರೋಧವು ಶೇಕಡಾ 8ರಷ್ಟು ವೃದ್ಧಿಸುವುದಾದರೂ ಕಿವಿಗೆ ಅದು ಗೋಚರಿಸುವುದಿಲ್ಲ. ಹಾಗಿರಲು, ಸಂಗೀತದ ಮೃದುವಾದ ವಿದ್ಯುತ್ಪ್ರವಾಹದಿಂದ ಲೋಹವು ಸಂಸ್ಕಾರ ಹೊಂದುವುದೆಂಬುದಕ್ಕೆ ಆಧಾರವೆಲ್ಲಿ? ಸ್ಪೀಕರಿನ ಮಾತು ಬೇರೆ: ಅದರ ಶಂಕುವನ್ನು ಹಿಡಿದಿರುವ ಬಟ್ಟೆ, ರಬ್ಬರುಗಳು ಮೊದಮೊದಲು ಬಿಗಿಯಾಗಿದ್ದು, ನುಡಿಸಿದಂತೆಲ್ಲ ತುಸು ಸಡಿಲಗೊಳ್ಳುವುದು ನಿಜ.

ಕೆಲವು ದಿನಗಳ ತರುವಾಯ ನಾದವು ಮಧುರತರವಾಯಿತೆನ್ನುವವರು ಸುಳ್ಳಾಡುತ್ತಿಲ್ಲ. ಪರಿಚಯದಿಂದ ಕಿವಿ ಒಗ್ಗುವುದು, ನಿರೀಕ್ಷೆಯಿಂದ ಮನಸ್ಸು ಅರಳುವುದು ಮನುಷ್ಯಸಹಜವಾದ ಧರ್ಮ. ಸತ್ಯವನ್ನರಿಯಬೇಕೆಂಬವರು, ಹಳೆಯ ಕೇಬಲನ್ನೂ ಹೊಸದನ್ನೂ ಮತ್ತೊಬ್ಬರಿಂದ ಮರೆಯಲ್ಲಿ ಅದಲುಬದಲು ಮಾಡಿಸಿ, ಒಂದೇ ಗಾನವನ್ನು ಒಂದೇ ಪ್ರಮಾಣದ ಧ್ವನಿಯಲ್ಲಿ ಹಲವು ಬಾರಿ ಆಲಿಸಿ ಗುರುತಿಸಲೆತ್ನಿಸಲಿ.

ಆಲಿಸುವ ಮನಸ್ಸು ಕೇಬಲಿಗಿಂತ ಮಿಗಿಲೆಂಬುದಕ್ಕೆ ನಿದರ್ಶನವೊಂದಿದೆ. 1922ರಲ್ಲಿ ರೋಣದಲ್ಲಿ ಜನಿಸಿದ ಗಾಯಕ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಠುಮರಿಯ ಗ್ರಾಮಫೋನ್ ಮುದ್ರಿಕೆಯೊಂದನ್ನು ಕೇಳಿ ಪರವಶರಾಗಿ, 1933ರಲ್ಲಿ ಗುರುವನ್ನರಸುತ್ತ ಮನೆ ತೊರೆದು, ಮುಂದೆ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರಾದುದು ಲೋಕವಿದಿತ. ಕೀಲಿ ಕೊಟ್ಟು ತಿರುಗಿಸುವ ಅಂದಿನ ಸಾಮಾನ್ಯ ಗ್ರಾಮಫೋನಿನಲ್ಲಿ ಸೂಜಿಯ ಕಂಪನವು ತೆಳುಪೊರೆಯ ಮೂಲಕ ಕಹಳೆಯನ್ನು ಸೇರಿ ಶಬ್ದವಾಗುತ್ತಿತ್ತಲ್ಲದೆ, ಪಳಗಿಸಲು ಅಲ್ಲಿ ಕೇಬಲೇ ಇರಲಿಲ್ಲ. ಮೂರು ನಿಮಿಷಗಳ ಆ ಗಾನವು ಒಂದು ಜೀವನದ ದಿಕ್ಕನ್ನು ನಿರ್ಣಯಿಸಿದುದು ಕೇಳುವವರಲ್ಲಿದ್ದ ಏಕಾಗ್ರತೆಯ ಬಲದಿಂದ.

ಆದಕಾರಣ ಗಟ್ಟಿಯಾದ ಸಾಧಾರಣ ತಾಮ್ರದ ತಂತಿಯೇ ಮನೆಗೆ ಸಾಕು. ಉಳಿದ ಹಣವು ಒಳ್ಳೆಯ ಸ್ಪೀಕರಿಗೂ, ಬರಿಯ ಗೋಡೆ ನೆಲಗಳ ಪ್ರತಿಧ್ವನಿಯನ್ನು ತಗ್ಗಿಸುವ ಪರದೆಗೂ, ನೆರೆಯ ನವಲಗುಂದದ ಜಮಖಾನೆಗೂ ಸಲ್ಲಲಿ. ಕೇಬಲಿಗೆಂದು ಮೀಸಲಿಟ್ಟ ನೂರಾರು ತಾಸುಗಳಲ್ಲಿ ಒಂದೇ ರಾಗವನ್ನು ಹಲವು ಗಾಯಕರ ಕಂಠದಲ್ಲಿ ಮನಸಾರೆ ಕೇಳಿದವರಿಗೆ, ಸ್ವರಸ್ವರಗಳ ಭೇದವು ತಾನಾಗಿಯೇ ತಿಳಿಯತೊಡಗುವುದು.