ಗೋರಿ ಕಟ್ಟಿದರು, ಓಟು ಕೊಡಲಿಲ್ಲ



ಚೀನಾದ ಕ್ರಾಂತಿ ಅಂದಕೂಡಲೆ ನಮ್ಮ ಹುಡುಗರು ಸನ್ ಯಾಟ್ ಸೆನ್, ಮಾವೋ ಅಂತ ಗಂಡಸರ ಹೆಸರನ್ನೇ ಹೇಳುತ್ತಾರೆ. ಚಿಯೂ ಜಿನ್ ಹೆಸರು ಕೇಳಿದವರೆಷ್ಟು ಜನ? ಕೇಳಿದವರೂ 'ದೇಶಕ್ಕಾಗಿ ತಲೆ ಕೊಟ್ಟ ವೀರಮಹಿಳೆ' ಎಂದು ಕೈಮುಗಿದು ಸುಮ್ಮನಾಗುತ್ತಾರೆ. ಆಕೆ ಮೊದಲು ತಿರುಗಿಬಿದ್ದದ್ದು ಚಕ್ರವರ್ತಿಯ ಮೇಲಲ್ಲ, ಮನೆಯ ಮೇಲೆ. ಅದನ್ನು ಮಾತ್ರ ಯಾರೂ ಬಾಯಿಬಿಡೋದಿಲ್ಲ.

ಬಡವರ ಮಗಳೇನಲ್ಲ, ಅಧಿಕಾರಿಗಳ ಮನೆತನ. ಓದು ಬರಹ ಕಲಿತಿದ್ದಳು, ಪದ್ಯ ಬರೆಯುತ್ತಿದ್ದಳು. ಆದರೂ ಕಾಲು ಕಟ್ಟಿದರು. ಕಾಲು ಕಟ್ಟೋದು ಅಂದರೇನು ಗೊತ್ತೆ? ಐದಾರು ವರ್ಷದ ಹೆಣ್ಣುಮಗುವಿನ ಬೆರಳುಗಳನ್ನು ಅಂಗಾಲಿನ ಕೆಳಗೆ ಮಡಚಿ, ಮೂಳೆ ಮುರಿಯುವ ಹಾಗೆ ಬಟ್ಟೆಯಲ್ಲಿ ಬಿಗಿಯೋದು. ಬಿಗಿಯುತ್ತಿದ್ದವರು ಹೆತ್ತ ತಾಯಂದಿರೇ. ಯಾಕೆ? ಕಟ್ಟದ ಕಾಲಿನವಳಿಗೆ ಒಳ್ಳೇ ಸಂಬಂಧ ಸಿಗೋದಿಲ್ಲ! ಆ ಮುರಿದ ಪಾದಕ್ಕೆ 'ಹೊನ್ನಿನ ತಾವರೆ' ಅಂತ ಹೆಸರು ಬೇರೆ. ಸಂಸ್ಕೃತಿ ಸಂಸ್ಕೃತಿ ಅಂತಾರಲ್ಲ, ಇದೂ ಅದೇ.

1896ರಲ್ಲಿ ಮನೆಯವರು ಗೊತ್ತುಮಾಡಿದ ಮದುವೆ. 1904ರಲ್ಲಿ ಒಡವೆ ಮಾರಿ, ಗಂಡ, ಎರಡು ಮಕ್ಕಳನ್ನು ಬಿಟ್ಟು ಜಪಾನಿಗೆ ಓದಲು ಹೋದಳು. ಕಾಲಿನ ಕಟ್ಟು ಬಿಚ್ಚಿದಳು, ಗಂಡಸರ ಉಡುಪು ತೊಟ್ಟಳು, ಸನ್ ಯಾಟ್ ಸೆನ್ ಅವರ ಸಂಘಕ್ಕೂ ಸೇರಿದಳು. ತಿರುಗಿ ಬಂದು 1907ರ ಜನವರಿಯಲ್ಲಿ ಶಾಂಘೈಯಲ್ಲಿ ಹೆಂಗಸರಿಗಾಗಿ ಪತ್ರಿಕೆ ತೆಗೆದಳು. ಪಂಡಿತರ ಭಾಷೆ ಬೇಡ, ಅಲ್ಪಸ್ವಲ್ಪ ಓದಬಲ್ಲ ಹೆಂಗಸರಿಗೂ ತಿಳೀಬೇಕು ಅಂತ ಆಡುಮಾತಿಗೆ ಹತ್ತಿರ ಬರೆದಳು. ಎರಡೇ ಸಂಚಿಕೆ, ನಿಂತುಹೋಯಿತು.

ಆಮೇಲೆ ಷಾವೊಷಿಂಗ್ ಊರಿನ ಶಾಲೆ. ಹೊರಗೆ ವ್ಯಾಯಾಮದ ಪಾಠ, ಒಳಗೆ ದಂಗೆಯ ತಯಾರಿ. 1907ರ ಜುಲೈ 6ರಂದು ಸಂಗಾತಿ ಷು ಷೀಲಿನ್ ಆನ್‌ಹುಯಿ ಪ್ರಾಂತ್ಯದ ಗವರ್ನರನನ್ನು ಗುಂಡಿಟ್ಟು ಕೊಂದ. ಪೊಲೀಸು ಶಾಲೆಗೂ ಬರುತ್ತದೆಂದು ಗೊತ್ತಿದ್ದೂ ಈಕೆ ಓಡಿಹೋಗಲಿಲ್ಲ. ಜುಲೈ 15ರಂದು ಊರ ನಡುವೆ ತಲೆ ಕಡಿದರು. ಗೆಳತಿಯರು ಹಾಂಗ್‌ಝೌನ ಪಶ್ಚಿಮ ಸರೋವರದ ದಡದಲ್ಲಿ ಹೂಳಿದರೆ, 1908ರಲ್ಲಿ ಸರ್ಕಾರ ಆ ಗೋರಿಯನ್ನೂ ಕೆಡವಿಸಿತು. ಹೆಣಕ್ಕೂ ಹೆದರಿದ ಸರ್ಕಾರ!

1912ರಲ್ಲಿ ಗಣರಾಜ್ಯ ಬಂತು. ಹುತಾತ್ಮೆ ಅಂತ ಹೊಗಳಿ ಮತ್ತೆ ಗೋರಿ ಕಟ್ಟಿದರು. ಹೆಂಗಸರಿಗೆ ಓಟು? ಇಲ್ಲ. 'ಮೊದಲು ದೇಶ, ನಿಮ್ಮ ವಿಚಾರ ಆಮೇಲೆ' ಅನ್ನೋದು ನಾಯಕರ ಹಳೇ ರಾಗ. ಆ ವರ್ಷದ ಆಗಸ್ಟಿನಲ್ಲಿ ಬೀಜಿಂಗ್‌ನಲ್ಲಿ ಹೊಸ ಪಕ್ಷ ಕಟ್ಟುವಾಗ, ಸಂಘದ ಕಾರ್ಯಕ್ರಮದಲ್ಲಿದ್ದ ಹೆಣ್ಣು-ಗಂಡು ಸಮಾನತೆಯ ಕಲಮನ್ನೇ ಕಿತ್ತುಹಾಕಿದರು. ಚಿಯೂ ಜಿನ್‌ಳ ಗೆಳತಿ ತಾಂಗ್ ಚುನ್‌ಯಿಂಗ್ ತುಂಬಿದ ಸಭೆಯಲ್ಲೇ ಮುಖಂಡ ಸುಂಗ್ ಜಿಯಾವೊರೆನ್‌ನ ಕೆನ್ನೆಗೆ ಬಾರಿಸಿದಳು. ಕಲಮು ವಾಪಸು ಬರಲಿಲ್ಲ.